ಜಿಲ್ಲೆಗೆ ಬರೆದ ಕಾಗದ

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಯಾರದಾದರೂ ಕೆಲಸ ಕೆಡುತ್ತಿದೆ ಎಂದು ಕಂಡರೆ ಕೈ ತುರಿಸುತ್ತದೆ. ಮದುವೆಯಾದ ಹೊಸದರಲ್ಲೇ ಇದನ್ನು ಕಂಡುಕೊಂಡ ನನ್ನ ಯಜಮಾನರು, ‘ನಿನ್ನ ಮೂಗಿಗೆ ಒಂದು ಬೀಗ ಹಾಕಿಸಬೇಕು’ ಎನ್ನುತ್ತಿದ್ದರು. ಆಗ ನಗುತ್ತಿದ್ದೆ. ಈ ನನ್ನ ಗುಣದಿಂದ ಒಬ್ಬ ತಂದೆಗೂ, ನಾನು ಕಣ್ಣಲ್ಲೂ ಕಾಣದ ಅವರ ಮಗಳಿಗೂ ಏನಾಯಿತು ಎಂಬುದನ್ನು ಬರೆಯಬೇಕೆಂದು ಎಷ್ಟೋ ವರ್ಷಗಳಿಂದ ಅಂದುಕೊಂಡಿದ್ದೇನೆ. ಬರೆಯಲು ಕೂತಾಗಲೆಲ್ಲ ಎದ್ದು ಹೋಗಿ ಪಾತ್ರೆ ತೊಳೆದಿದ್ದೇನೆ.

ಎಂಬತ್ತರ ದಶಕದ ಕೊನೆಯಲ್ಲಿ ನಾವು ಮೆಲ್ಬರ್ನಿಗೆ ಬಂದೆವು. ಅದಕ್ಕೆ ಮುಂಚೆ ನಾನು ಮೈಸೂರಿನ ಜಿಲ್ಲಾ ಪರಿಷತ್ ಕಚೇರಿಯಲ್ಲಿ ಗುಮಾಸ್ತೆ. ಪರಿಷತ್ತು ಆಗಿನ್ನೂ ಹೊಸದು. ಜನ ಓಟು ಹಾಕಿ ಆರಿಸಿದ ಅಧ್ಯಕ್ಷರು ಕಾರಿನಿಂದ ಇಳಿದು ಬಂದರೆ, ಅಲ್ಲಿಯವರೆಗೆ ಡಿ.ಸಿ. ಸಾಹೇಬರಿಗೆ ಮಾತ್ರ ಎದ್ದು ನಿಂತು ಗೊತ್ತಿದ್ದ ನಾವು ಏಳಬೇಕೋ ಬೇಡವೋ ಎಂದು ಅರ್ಧ ಎದ್ದು ಅರ್ಧ ಕೂತು ಒದ್ದಾಡುತ್ತಿದ್ದೆವು. ಆದರೆ ಬೇಗ ಪಳಗಿದೆವು. ಅಧ್ಯಕ್ಷರ ಹತ್ತಿರ ಒಂದು ಮಾತು ಹೇಳಿಸಿದರೆ ಕಡತ ತಾನಾಗಿ ನಡೆಯುತ್ತದೆ ಎಂದು ತಿಳಿಯಲು ಮೂರು ತಿಂಗಳು ಸಾಕಾಯಿತು. ಗಡಿಯ ಹಳ್ಳಿಯೊಂದರಲ್ಲಿದ್ದ ಟೀಚರೊಬ್ಬರ ಮಗುವಿಗೆ ಹೃದಯದ ತೊಂದರೆ. ಆಸ್ಪತ್ರೆಯಿದ್ದ ಊರಿಗೆ ವರ್ಗ ಬೇಕಿತ್ತು. ಅರ್ಜಿ ಒಂದು ವರ್ಷದಿಂದ ಕಟ್ಟಿನೊಳಗೆ ಮಲಗಿತ್ತು. ಒಂದು ಮದುವೆಮನೆಯಲ್ಲಿ ಅಧ್ಯಕ್ಷರ ಹೆಂಡತಿಯ ಪಕ್ಕ ಕೂತು ನಾನೇ ವಿಷಯ ತೆಗೆದೆ. ಮುಂದಿನ ವಾರ ಆದೇಶ ಹೊರಟಿತು. ಇದನ್ನು ವಶೀಲಿ ಎಂದು ಯಾರಾದರೂ ಅಂದಿದ್ದರೆ ನಾನು ಜಗಳಕ್ಕೇ ನಿಲ್ಲುತ್ತಿದ್ದೆ. ನನ್ನ ಮಟ್ಟಿಗೆ ಅದು ಒಳ್ಳೆಯ ಮಾತು, ಅಷ್ಟೆ.

ಮೆಲ್ಬರ್ನಿನ ಪೂರ್ವ ಭಾಗದ ಒಂದು ಸಬರ್ಬಿನ ಕೌನ್ಸಿಲ್ಲಿನಲ್ಲಿ ನನಗೆ ಕೆಲಸ ಸಿಕ್ಕಿತು. ಟಪಾಲು ಕೋಣೆ. ರಸ್ತೆಯ ಗುಂಡಿ, ಎತ್ತದೆ ಹೋದ ಕಸ, ನಾಯಿಯ ಬೊಗಳು, ಪಕ್ಕದ ಮನೆಯ ಮರ ಬೇಲಿ ದಾಟಿ ಬಾಗಿದೆ ಎಂಬ ದೂರು, ಇಂಥವು ಬೆಳಿಗ್ಗೆ ಚೀಲದಲ್ಲಿ ಬಂದು ಬೀಳುತ್ತಿದ್ದವು. ಒಡೆದು, ತಾರೀಕಿನ ಮೊಹರು ಒತ್ತಿ, ರಿಜಿಸ್ಟರಿನಲ್ಲಿ ಬರೆದು ಆಯಾ ವಿಭಾಗಕ್ಕೆ ಕಳಿಸಬೇಕು. ಆ ಕೋಣೆಯಲ್ಲಿ ಇದ್ದವರು ಇಬ್ಬರೇ. ನಾನು, ಮತ್ತು ಐವತ್ತೆಂಟರ ಆಸುಪಾಸಿನ ಒಬ್ಬ ನಾರ್ವೆಯವರು.

ಎತ್ತರದ, ಬಿಳಿ ಹುಬ್ಬಿನ ಮನುಷ್ಯ. ಪೆನ್ಸಿಲನ್ನು ಚಾಕುವಿನಿಂದ ಹೆರೆದು ಸಾಲಾಗಿ ಇಡುತ್ತಿದ್ದರು. ನಾರ್ವೆಯ ಉತ್ತರದ ಕಡೆ ಒಂದು ಜಿಲ್ಲೆಯ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದಿದ್ದರು. ಹೆಂಡತಿ ತೀರಿಕೊಂಡ ಮೇಲೆ ಆಸ್ಟ್ರೇಲಿಯಾದ ಒಬ್ಬ ನರ್ಸನ್ನು ಮದುವೆಯಾಗಿ ಇಲ್ಲಿಗೆ ಬಂದವರು. ಮಾತು ಕಡಿಮೆ. ಆದರೆ ಅವರ ಜಿಲ್ಲೆಯ ವಿಷಯ ಬಂದರೆ ಮುಗಿಯಿತು, ಊಟದ ಗಂಟೆ ಸಾಲುತ್ತಿರಲಿಲ್ಲ. ನಾನು ಮನೆಯಲ್ಲಿ ಅವರನ್ನು ‘ಜಿಲ್ಲೆಯವರು’ ಎಂದೇ ಕರೆಯುತ್ತಿದ್ದೆ. ನಾವು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ, ಇಬ್ಬರದೂ ಎರವಲು ಇಂಗ್ಲಿಷು. ನೆನಪಿನಲ್ಲಿ ಮಾತ್ರ ಅವರು ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಾರೆ.

‘ನಾಲ್ಕು ವರ್ಷಕ್ಕೊಮ್ಮೆ ಓಟು,’ ಎಂದು ಶುರುಮಾಡುತ್ತಿದ್ದರು. ‘ಗೆದ್ದವರೆಲ್ಲ ಸೇರಿ ಜಿಲ್ಲಾ ಸಭೆ. ಆ ಸಭೆ ತನ್ನೊಳಗಿಂದ ಹದಿಮೂರು ಜನರ ಒಂದು ಸಮಿತಿ ಮಾಡುತ್ತೆ. ಯಾವ ಪಕ್ಷಕ್ಕೆ ಎಷ್ಟು ಬಲವೋ ಅಷ್ಟು ಕುರ್ಚಿ. ಅಧಿಕಾರ ಸಿಗದವರೂ ಅದೇ ಮೇಜಿಗೆ ಕೂರಬೇಕು. ಎಲ್ಲರ ಮೇಲೆ ಒಬ್ಬ ಅಧ್ಯಕ್ಷ.’

‘ಮತ್ತೆ ರಾಜಧಾನಿಯಿಂದ ಕಳಿಸಿದ ಅಧಿಕಾರಿ?’ ಎಂದು ಕೇಳಿದೆ.

‘ಅವನು ಬೇರೆ. ಅವನು ಸರ್ಕಾರದವನು, ಇವರು ಜನದವರು.’

‘ಹಾಗಾದರೆ ಅವನೇ ನಮ್ಮ ಡಿ.ಸಿ.,’ ಎಂದೆ. ನನಗೆ ತವರಿನ ಸುದ್ದಿ ಕೇಳಿದ ಹಾಗಾಯಿತು.

ಆಸ್ಪತ್ರೆ, ಹೈಸ್ಕೂಲು, ದೊಡ್ಡ ರಸ್ತೆ, ಬಸ್ಸು, ದ್ವೀಪಗಳಿಗೆ ಹೋಗುವ ದೋಣಿ, ಮಕ್ಕಳ ಹಲ್ಲು ನೋಡುವ ಡಾಕ್ಟರು, ಎಲ್ಲವೂ ಆ ಜಿಲ್ಲೆಯದೇ. ಅಧಿಕಾರಿಗಳು ಟಿಪ್ಪಣಿ ಬರೆದು ಮುಂದಿಡಬೇಕು, ಸಮಿತಿ ನಿರ್ಧರಿಸಬೇಕು. ನಿರ್ಧರಿಸುವ ಮುಂಚೆ ಅದರಿಂದ ಯಾರಿಗೆ ಬಿಸಿ ತಟ್ಟುತ್ತದೋ ಅವರಿಗೆಲ್ಲ ಕಾಗದ ಹೋಗಬೇಕು, ಅವರ ಅಭಿಪ್ರಾಯಕ್ಕೆ ಆರು ವಾರ ಕಾಯಬೇಕು. ಇನ್ನೊಂದು ವಿಷಯ ಅವರಿಗೆ ಎಲ್ಲಕ್ಕಿಂತ ಹೆಮ್ಮೆಯದು. ಜಿಲ್ಲೆಗೆ ಬಂದ ಪ್ರತಿ ಕಾಗದವನ್ನೂ ಅಂದೇ ಪಟ್ಟಿ ಮಾಡಿ ಬಾಗಿಲ ಪಕ್ಕದ ಮೇಜಿನ ಮೇಲೆ ಇಡುತ್ತಿದ್ದರು. ಯಾರು ಬೇಕಾದರೂ ಓದಬಹುದು. ಊರಿನ ಪತ್ರಿಕೆಯವನೊಬ್ಬ ದಿನಾ ಬೆಳಿಗ್ಗೆ ಬಂದು, ಕಚೇರಿಯ ಕಾಫಿ ಕುಡಿದು, ಕಚೇರಿಯ ಟಪಾಲನ್ನು ಓದಿಕೊಂಡು ಹೋಗುತ್ತಿದ್ದನಂತೆ.

ನಾನು ನಕ್ಕೆ. ನಿಯಮ ಎಲ್ಲ ಕಡೆಯೂ ಚೆನ್ನಾಗಿಯೇ ಇರುತ್ತದೆ, ನಡೆಯುವುದು ಬೇರೆ ಎಂದೆ. ಅವರು ನಗಲಿಲ್ಲ. ‘ನಮ್ಮಲ್ಲಿ ಬೇರೆ ಇಲ್ಲ,’ ಎಂದರು. ಆ ಮಾತನ್ನು ನಾನು ಆ ದಿನ ನಂಬಿದ್ದರೆ ಸಾಕಿತ್ತು.

ಮಗಳ ವಿಷಯ ಗೊತ್ತಾಗಲು ನನಗೆ ಎರಡು ವರ್ಷ ಹಿಡಿಯಿತು. ಒಂದು ದಿನ ನನ್ನ ಮಗಳ ಹುಟ್ಟುಹಬ್ಬದ ಫೋಟೋ ತೋರಿಸಿದಾಗ ಅವರೂ ಪರ್ಸಿನಿಂದ ಒಂದನ್ನು ತೆಗೆದರು. ಕಿಟಕಿಯ ಪಕ್ಕ ಇಬ್ಬರು ಹೆಂಗಸರು, ಒಂದೇ ಬಣ್ಣದ ಸ್ವೆಟರು, ಒಬ್ಬರ ಕೈ ಇನ್ನೊಬ್ಬರ ಮಡಿಲಲ್ಲಿ. ‘ಎಡಗಡೆಯವಳು ನನ್ನವಳು,’ ಎಂದರು. ಅವಳ ಬುದ್ಧಿ ಮೂರು ವರ್ಷದ ಮಗುವಿನದು. ವಯಸ್ಸು ಮೂವತ್ತೈದು. ಒಂಬತ್ತನೆಯ ವಯಸ್ಸಿನಿಂದ ಜಿಲ್ಲೆ ನಡೆಸುವ ಆಶ್ರಮದಲ್ಲಿದ್ದಾಳೆ. ಇನ್ನೊಬ್ಬಳು ಅವಳ ಕೋಣೆಯ ಜೊತೆಗಾತಿ. ಇಪ್ಪತ್ತಾರು ವರ್ಷದಿಂದ ಒಂದೇ ಕೋಣೆ. ಆ ಜೊತೆಗಾತಿ ಪಕ್ಕದಲ್ಲಿ ಕೂತರೆ ಮಾತ್ರ ಇವಳು ಊಟ ಮಾಡುತ್ತಾಳೆ. ಇವಳು ಆಡುವ ಹತ್ತು ಹದಿನೈದು ಶಬ್ದಗಳೂ ಅರ್ಥವಾಗುವುದು ಅವಳಿಗೇ.

‘ಇಲ್ಲಿಗೆ ಕರೆದುಕೊಂಡು ಬರಲಿಲ್ಲವಾ?’ ಎಂದು ಕೇಳಿಬಿಟ್ಟೆ.

‘ವೀಸಾ ಕೊಡಲ್ಲ. ಇಂಥವರನ್ನು ಒಳಗೆ ಬಿಡಲ್ಲ. ಕೊಟ್ಟಿದ್ದರೂ ಇನ್ನೊಬ್ಬಳನ್ನು ಬಿಟ್ಟು ಅವಳು ಬರುತ್ತಿರಲಿಲ್ಲ,’ ಎಂದು ಫೋಟೋ ಒಳಗಿಟ್ಟರು. ‘ನಾನು ಬಂದುಬಿಟ್ಟೆ.’

ತೊಂಬತ್ತರ ದಶಕ ಶುರುವಾಗಿತ್ತು. ಒಂದು ಸೋಮವಾರ ಅವರು ಕೋಟು ಬಿಚ್ಚದೆ ಬಂದು ಕುರ್ಚಿಯಲ್ಲಿ ಕೂತರು. ಕೈಯಲ್ಲಿ ಜಿಲ್ಲೆಯಿಂದ ಬಂದ ಕಾಗದ. ಇಂಥ ದೊಡ್ಡ ಆಶ್ರಮಗಳನ್ನೆಲ್ಲ ಮುಚ್ಚಿ, ಅಲ್ಲಿದ್ದವರನ್ನು ಅವರವರ ಹುಟ್ಟೂರಿನ ಪಂಚಾಯಿತಿಗೆ ಒಪ್ಪಿಸಬೇಕೆಂದು ಆ ದೇಶ ತೀರ್ಮಾನಿಸಿತ್ತು. ಪ್ರತಿಯೊಬ್ಬರಿಗೂ ಸ್ವಂತ ಮನೆ, ಸ್ವಂತ ಬಾಗಿಲು, ಸ್ವಂತ ಬೀಗದ ಕೈ. ಅದು ಒಳ್ಳೆಯದಕ್ಕೇ ಮಾಡಿದ ಕಾನೂನು, ನೂರಾರು ಜನರಿಗೆ ಒಳ್ಳೆಯದೇ ಆಗುತ್ತದೆ ಎಂದು ಅವರೇ ಹೇಳಿದರು. ಆದರೆ ಅವರ ಮಗಳ ಹುಟ್ಟೂರು ಒಂದು ದಿಕ್ಕು, ಜೊತೆಗಾತಿಯದು ಎರಡು ದೋಣಿ ದಾಟಿ ಇನ್ನೊಂದು ದಿಕ್ಕು. ಆಶ್ರಮದಲ್ಲಿ ಕೊನೆಯ ಒಂದು ಮನೆಯನ್ನು ಉಳಿಸಿ, ಬಹಳ ವರ್ಷ ಒಟ್ಟಿಗೆ ಇದ್ದ ಹನ್ನೊಂದು ಜನರನ್ನು ಅಲ್ಲೇ ಬಿಡಬಹುದೇ ಎಂಬುದು ಜಿಲ್ಲೆಯ ಸಮಿತಿಯ ಮುಂದಿತ್ತು. ಬಂಧುಗಳ ಅಭಿಪ್ರಾಯಕ್ಕೆ ಆರು ವಾರ. ಮನೆ ಉಳಿದರೆ ಇಬ್ಬರೂ ಒಟ್ಟಿಗೆ. ಮುಚ್ಚಿದರೆ ಅಗಲಿದಂತೆಯೇ.

ಅವರು ಎರಡು ಪುಟದ ಉತ್ತರ ಬರೆದರು. ಕಳಿಸುವ ಮುಂಚೆ ನನಗೆ ಅದನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದರು. ಒಂದರಿಂದ ಒಂಬತ್ತರವರೆಗೆ ನಂಬರು ಹಾಕಿದ ಪ್ಯಾರಾಗಳು. ನಾಲ್ಕನೆಯದರಲ್ಲಿ ‘ಇಪ್ಪತ್ತು ವರ್ಷಕ್ಕೂ ಮೀರಿ ಕೊಠಡಿ ಹಂಚಿಕೊಂಡ ನಿವಾಸಿಗಳ ಬಗ್ಗೆ ವಿಶೇಷ ಪರಿಗಣನೆ ಇರಬೇಕು’ ಎಂದಿತ್ತು.

‘ನಿಮ್ಮ ಮಗಳು ಅಂತ ಎಲ್ಲಿ ಬರೆದಿದ್ದೀರಿ?’

‘ಕೆಳಗೆ ಸಹಿಯ ಹತ್ತಿರ ಇದೆ. ಸಂಬಂಧ: ತಂದೆ.’

ನನಗೆ ಮೈ ಉರಿಯಿತು. ಅವಳು ಊಟ ಬಿಡುತ್ತಾಳೆ ಎಂದು ಬರೆಯಬೇಡವೇ, ಅವಳ ಮಾತು ಇನ್ನೊಬ್ಬರಿಗೆ ತಿಳಿಯುವುದಿಲ್ಲ ಎಂದು ಬರೆಯಬೇಡವೇ ಎಂದು ಕೇಳಿದೆ. ಹನ್ನೊಂದು ಜನರ ವಿಷಯ, ತನ್ನ ಮನೆಯದೊಂದನ್ನೇ ಹೇಳುವುದು ಸರಿಯಲ್ಲ ಎಂದರು. ಇಪ್ಪತ್ತೆರಡು ವರ್ಷ ಬೇರೆಯವರ ಅರ್ಜಿಗೆ ಟಿಪ್ಪಣಿ ಬರೆದ ಕೈ, ಸ್ವಂತಕ್ಕೆ ಅಳುವುದು ಹೇಗೆಂದು ಮರೆತಿತ್ತು.

ಹಿಂದೊಮ್ಮೆ ಅವರ ಬಾಯಿಂದಲೇ ಕೇಳಿದ್ದು ನೆನಪಾಯಿತು. ಈಗಿನ ಅಧ್ಯಕ್ಷ ಅವರ ಜೊತೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ‘ಅವರಿಗೆ ಒಂದು ಫೋನ್ ಮಾಡಿ,’ ಎಂದೆ. ‘ಒಂದು ಮಾತು. ಅಷ್ಟೇ.’

‘ಅದಕ್ಕೇ ಮಾಡಬಾರದು,’ ಎಂದರು. ಪೆನ್ಸಿಲು ಹೆರೆಯುತ್ತ, ‘ಅವನ ಮನಸ್ಸು ಮನೆ ಉಳಿಸುವ ಕಡೆಯೇ ಇದೆ. ಪತ್ರಿಕೆಯಲ್ಲಿ ಹೇಳಿದ್ದಾನೆ. ಅವನನ್ನು ಅವನ ಪಾಡಿಗೆ ಬಿಡಬೇಕು,’ ಎಂದರು.

ನಾನು ಕೇಳಿಸಿಕೊಂಡದ್ದು ಅರ್ಧ ಮಾತ್ರ. ಅಧ್ಯಕ್ಷರ ಮನಸ್ಸು ಅತ್ತಕಡೆಗೇ ಇದೆ, ಸಣ್ಣಗೆ ಒಂದು ತಳ್ಳು ಕೊಟ್ಟರೆ ಸಾಕು ಎಂದು ನನ್ನ ಮೈಸೂರಿನ ತಲೆ ಲೆಕ್ಕ ಹಾಕಿತು.

ಮನೆಯಲ್ಲಿ ಹೇಳಿದೆ. ಯಜಮಾನರು ಟಿ.ವಿ.ಯ ಸೌಂಡ್ ಕಡಿಮೆ ಮಾಡಿ, ‘ನೋಡು, ಅವರದ್ದು ಅವ್ರಿಗೆ ಗೊತ್ತು. ಆ ಸಿಸ್ಟಮ್ಮೇ ಬೇರೆ. ನೀನು ಇಂಟರ್‌ಫಿಯರ್ ಮಾಡ್ಬೇಡ,’ ಅಂದರು.

‘ಒಂದು ಹೆಣ್ಣುಮಗು ಊಟ ಬಿಟ್ಟು ಸಾಯತ್ತೆ ಕಣ್ರೀ. ಸಿಸ್ಟಮ್ಮಂತೆ,’ ಅಂದೆ.

ಮಗಳು ಹೋಮ್‌ವರ್ಕಿನಿಂದ ತಲೆಯೆತ್ತದೆ, ‘ಮಾಮ್, ಜಸ್ಟ್ ಆಸ್ಕ್ ಹಿಮ್ ಫಸ್ಟ್,’ ಅಂದಳು. ಹತ್ತು ವರ್ಷದ ಹುಡುಗಿಗೆ ತೋಚಿದ್ದು ನನಗೆ ತೋಚಲಿಲ್ಲ.

ಭಾನುವಾರ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆದೆ. ಜಿಲ್ಲೆಯ ವಿಳಾಸ ಅವರು ಬಿಸಾಡಿದ ಲಕೋಟೆಯಲ್ಲಿತ್ತು. ನಮ್ಮ ಕಚೇರಿಯಲ್ಲಿ ಕಲಿತ ಇಂಗ್ಲಿಷಿನಲ್ಲಿ, ಕೈಮುಗಿದು ಬಿನ್ನವಿಸಿಕೊಳ್ಳುತ್ತೇನೆ ಎಂದು ಶುರುಮಾಡಿ, ಮೂರು ಪುಟ. ನೀವು ಒಂದೇ ಬೆಂಚಿನಲ್ಲಿ ಕೂತು ಓದಿದವರು, ನಿಮ್ಮ ಸ್ನೇಹಿತರು ಬಾಯಿಬಿಟ್ಟು ಕೇಳುವವರಲ್ಲ, ಅವರ ಪರವಾಗಿ ನಾನು ಸೆರಗೊಡ್ಡಿ ಕೇಳುತ್ತೇನೆ, ಹಳೆಯ ಸ್ನೇಹವನ್ನು ನೆನೆದು ಆ ಮಗುವನ್ನು ಕಾಪಾಡಿ ಎಂದು ಬರೆದೆ. ಬರೆಯುತ್ತ ಅತ್ತೆ. ಲಕೋಟೆಯ ಮೇಲೆ ‘ಖಾಸಗಿ’ ಎಂದು ಬರೆದು ಎರಡು ಗೆರೆ ಎಳೆದೆ. ಸೋಮವಾರ ಪೋಸ್ಟ್ ಮಾಡಿ, ಕಚೇರಿಗೆ ಹೋಗಿ ಅವರ ಎದುರು ಏನೂ ಗೊತ್ತಿಲ್ಲದವಳಂತೆ ಕೂತೆ. ಒಳಗೊಳಗೇ ನನಗೆ ನನ್ನ ಮೇಲೆ ಹೆಮ್ಮೆ.

ಮೂರು ವಾರದಲ್ಲಿ ನಮ್ಮ ಮನೆಗೆ ಜಿಲ್ಲೆಯ ಮುದ್ರೆಯಿದ್ದ ಉತ್ತರ ಬಂತು. ಎರಡೇ ಸಾಲು, ಇಂಗ್ಲಿಷಿನಲ್ಲಿ. ನಿಮ್ಮ ಪತ್ರ ತಲುಪಿದೆ, ಇಂಥ ನಂಬರಿನಲ್ಲಿ ದಾಖಲಾಗಿದೆ, ಪ್ರಕರಣದ ಕಡತಕ್ಕೆ ಸೇರಿಸಲಾಗಿದೆ. ನಾನು ಯಜಮಾನರ ಮೂಗಿನ ಮುಂದೆ ಹಿಡಿದು, ‘ನಂಬರು ಬಿದ್ದಿದೆ,’ ಅಂದೆ. ಮೈಸೂರಿನಲ್ಲಿ ನಂಬರು ಬಿದ್ದರೆ ಅರ್ಧ ಕೆಲಸ ಆದಂತೆ. ಆ ದಿನ ಸಂಜೆ ಕೇಸರಿಬಾತ್ ಮಾಡಿದೆ. ಈಗಲೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಸಮಿತಿ ಸೇರಿದ ಹತ್ತು ಹದಿನೈದು ದಿನಕ್ಕೆ ನಡಾವಳಿಯ ಪ್ರತಿ ಅವರಿಗೆ ಬಂತು. ಅಭಿಪ್ರಾಯ ಬರೆದ ಬಂಧುಗಳಿಗೆಲ್ಲ ಅದನ್ನು ಕಳಿಸುವುದು ಅಲ್ಲಿಯ ಪದ್ಧತಿ. ಅವರು ಅದನ್ನು ಊಟದ ಹೊತ್ತಿಗೆ ತೆಗೆದುಕೊಂಡು ಬಂದು ನನ್ನ ಡಬ್ಬಿಯ ಪಕ್ಕ ಇಟ್ಟರು.

‘ನೀವು ಬರೆದಿರಾ?’ ಎಂದು ಕೇಳಿದರು.

ಹೌದು ಎಂದೆ. ಅವರು ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಒಂದೊಂದೇ ಸಾಲನ್ನು ಇಂಗ್ಲಿಷಿಗೆ ಮಾಡಿ ಓದಿದರು. ಸಭೆ ಶುರುವಾದಾಗ ಅಧ್ಯಕ್ಷರು ಎದ್ದು ನಿಂತು, ಬಂಧುವೊಬ್ಬರ ಪರವಾಗಿ ಹಳೆಯ ಸ್ನೇಹದ ಹೆಸರಿನಲ್ಲಿ ಮೆಲ್ಬರ್ನಿನಿಂದ ತನಗೆ ಮನವಿ ಬಂದಿದೆ ಎಂದು ತಿಳಿಸಿದರು. ಅದು ಟಪಾಲಿನ ಪಟ್ಟಿಯಲ್ಲಿ ಬಂದಿತ್ತು, ಪತ್ರಿಕೆಯಲ್ಲೂ ಬಂದಿತ್ತು. ತಾನು ಈ ವಿಷಯದಲ್ಲಿ ಕೂರಬಹುದೇ ಎಂದು ಸಮಿತಿಯೇ ಹೇಳಲಿ ಎಂದು ಅವರು ಹೊರಗೆ ಹೋದರು. ಕೂರಬಾರದು ಎಂದು ಸಮಿತಿ ತೀರ್ಮಾನಿಸಿತು. ಅವರ ಕುರ್ಚಿಗೆ ಅದೇ ಪಕ್ಷದ ಬದಲಿ ಸದಸ್ಯರೊಬ್ಬರು ಬಂದರು. ಆ ಸದಸ್ಯರು ಮುಚ್ಚುವ ಕಡೆ ಕೈಯೆತ್ತಿದರು. ಏಳು, ಆರು. ಮನೆ ಮುಚ್ಚುವುದೆಂದು ಆಯಿತು.

ನನ್ನ ಹೆಸರನ್ನು ಒಂದಕ್ಷರ ತಪ್ಪಿಲ್ಲದೆ ಬರೆದಿದ್ದರು.

‘ಅಧ್ಯಕ್ಷರು ಕೂತಿದ್ದರೆ?’ ಎಂದು ಕೇಳಿದೆ. ಕೇಳಬಾರದಿತ್ತು.

‘ಏಳು, ಆರು,’ ಎಂದರು. ‘ಉಳಿಸುವ ಕಡೆಗೆ.’

ಕ್ಷಮಿಸಿ ಎಂದೆ, ಮತ್ತೆ ಮತ್ತೆ ಅಂದೆ. ಈಗಲೇ ಇನ್ನೊಂದು ಕಾಗದ ಬರೆಯುತ್ತೇನೆ, ಅವರಿಗೆ ಏನೂ ಗೊತ್ತಿರಲಿಲ್ಲ ಎಂದು ತಿಳಿಸುತ್ತೇನೆ ಎಂದೆ. ಅವರು ಕೈ ಮುಂದೆ ಮಾಡಿ ತಡೆದರು. ‘ದಯವಿಟ್ಟು ಬರೆಯಬೇಡಿ,’ ಎಂದರು. ‘ಅವರು ನಿಯಮದ ಪ್ರಕಾರ ನಡೆದಿದ್ದಾರೆ. ನಾನಿದ್ದಿದ್ದರೂ ಹಾಗೇ ಟಿಪ್ಪಣಿ ಬರೆಯುತ್ತಿದ್ದೆ.’ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟು, ಊಟದ ಡಬ್ಬಿ ತೆರೆದರು. ಅರ್ಧ ತಿಂದು ಮುಚ್ಚಿದರು.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಮರುದಿನವೂ ನನ್ನ ಎದುರೇ ಕೂತು ಊಟ ಮಾಡಿದರು, ಆಮೇಲಿನ ಎರಡು ವರ್ಷವೂ ಹಾಗೆಯೇ. ಹವಾಮಾನ, ಟ್ರಾಮು, ನನ್ನ ಮಗಳ ಓದು, ಎಲ್ಲ ಮಾತಾಡುತ್ತಿದ್ದರು. ಜಿಲ್ಲೆಯ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ. ಮಗಳನ್ನು ಹುಟ್ಟೂರಿಗೆ ಕಳಿಸಿದ ಸುದ್ದಿಯನ್ನು ಅವರ ಹೆಂಡತಿ ಫೋನಿನಲ್ಲಿ ಹೇಳಿದರು. ಜೊತೆಗಾತಿಯನ್ನು ಒಂದು ವಾರ ಮುಂಚೆ ಕರೆದೊಯ್ದರಂತೆ. ನಾನು ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತೆ. ಟೀಚರ ಮಗುವಿಗೆ ಒಳ್ಳೆಯದಾಗಿದ್ದೂ ನನ್ನ ಮಾತಿನಿಂದ, ಈ ಮಗುವಿಗೆ ಕೆಟ್ಟದ್ದಾಗಿದ್ದೂ ನನ್ನ ಮಾತಿನಿಂದ. ಎರಡು ಸಲವೂ ನನ್ನ ಮನಸ್ಸು ಒಂದೇ ಆಗಿತ್ತು ಎಂಬುದು ಯಾವ ಸಮಾಧಾನವನ್ನೂ ಕೊಡಲಿಲ್ಲ.

ಆ ದಶಕದ ನಡುವಿಗೆ ವಿಕ್ಟೋರಿಯಾ ಸರ್ಕಾರ ಕೌನ್ಸಿಲ್ಲುಗಳನ್ನು ಒಂದರೊಳಗೊಂದು ಸೇರಿಸಿಬಿಟ್ಟಿತು. ಜನ ಆರಿಸಿದವರು ಮನೆಗೆ ಹೋದರು. ಸರ್ಕಾರ ನೇಮಿಸಿದ ಕಮಿಷನರುಗಳು ಬಂದು ಕೂತರು. ನಮ್ಮ ಮೈಸೂರಿನ ಪರಿಷತ್ತಿಗೂ ಅಷ್ಟರಲ್ಲಿ ಅಂಥದೇ ಗತಿಯಾಗಿತ್ತು ಎಂದು ತಂಗಿ ಬರೆದಿದ್ದಳು. ನಮ್ಮ ಟಪಾಲು ಕೋಣೆ ಇನ್ನೊಂದು ಸಬರ್ಬಿನ ಕಟ್ಟಡಕ್ಕೆ ಹೋಯಿತು, ನಾವಿಬ್ಬರೂ ಬೇಡವಾದೆವು. ಯಜಮಾನರಿಗೆ ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ ಕೆಲಸ ಸಿಕ್ಕಿತು. ಹೊರಡುವಾಗ ಜಿಲ್ಲೆಯವರಿಗೆ ಹೇಳಿ ಬಂದೆ. ಕೈಕುಲುಕಿದರು. ಮುಗಿಯಿತು ಎಂದುಕೊಂಡೆ.

ಮೂರು ವರ್ಷದ ಮೇಲೆ ಅವರು ಫೋನ್ ಮಾಡಿದರು. ಹೆಂಡತಿಯ ಅಕ್ಕನ ಮನೆಗೆ ಸಿಡ್ನಿಗೆ ಬಂದಿದ್ದರು. ಚಾಟ್ಸ್‌ವುಡ್ ಸ್ಟೇಷನ್ನಿನ ಹತ್ತಿರ ಒಂದು ಕಾಫಿ ಅಂಗಡಿಯಲ್ಲಿ ಭೇಟಿಯಾದೆವು. ತುಂಬಾ ಇಳಿದುಹೋಗಿದ್ದರು, ಕೋಟು ಬೇರೆಯವರದು ಅನ್ನಿಸುವಷ್ಟು. ಊರಿಗೆ ಹೋಗಿ ಮಗಳನ್ನು ನೋಡಿ ಬಂದೆ ಎಂದರು. ನಾನು ಕೇಳದಿದ್ದರೂ ಹೇಳಿದರು.

‘ಒಳ್ಳೆಯ ಮನೆ. ಬಿಸಿಲು ಬರುತ್ತೆ. ನೋಡಿಕೊಳ್ಳುವ ಹುಡುಗಿಯರೂ ಒಳ್ಳೆಯವರು. ಬಾಗಿಲು ಅವಳೇ ತೆಗೆದಳು. ನನ್ನನ್ನು ನೋಡಿದಳು, ಆಮೇಲೆ ನನ್ನ ಹಿಂದೆ ಯಾರು ಬಂದಿದ್ದಾರೆ ಅಂತ ಬಗ್ಗಿ ನೋಡಿದಳು. ಮೆಟ್ಟಿಲವರೆಗೂ ಇಳಿದು ನೋಡಿದಳು. ನಾಲ್ಕು ದಿನ ಇದ್ದೆ, ಪ್ರತಿ ಸಲ ಬಾಗಿಲು ತೆಗೆದಾಗಲೂ ಹಾಗೇ.’

ನನ್ನ ಕಣ್ಣಲ್ಲಿ ನೀರು ಬಂತು. ‘ನನ್ನಿಂದಲೇ ಆದದ್ದು,’ ಎಂದೆ. ‘ನೀವು ಒಂದು ಸಲವೂ ಬೈಯಲಿಲ್ಲ.’

ಅವರು ಕಪ್ಪನ್ನು ತಟ್ಟೆಯ ಮೇಲೆ ಸರಿಯಾಗಿ ಕೂರಿಸಿದರು.

‘ನಿಮ್ಮ ಕಾಗದದ ಪ್ರತಿ ತರಿಸಿಕೊಂಡು ಓದಿದೆ. ಅಲ್ಲಿ ಯಾರು ಬೇಕಾದರೂ ತರಿಸಬಹುದು. ಮೂರು ಪುಟ. ಅವಳು ಯಾರ ಪಕ್ಕ ಕೂತು ಊಟ ಮಾಡುತ್ತಾಳೆ, ಅವಳ ಮಾತು ಯಾರಿಗೆ ತಿಳಿಯುತ್ತೆ, ಎಲ್ಲ ಬರೆದಿದ್ದೀರಿ. ನನ್ನದು ಎರಡು ಪುಟ. ಕಡತದಲ್ಲಿ ಎರಡೂ ಒಂದರ ಪಕ್ಕ ಒಂದು ಇವೆ.’ ಅವರು ತಲೆಯೆತ್ತಿ ನನ್ನನ್ನು ನೋಡಿದರು. ‘ನಾನು ನಿಮ್ಮ ಹತ್ತಿರ ಜಿಲ್ಲೆಯ ಮಾತು ಬಿಟ್ಟಿದ್ದು ನಿಮ್ಮ ಮೇಲೆ ಕೋಪ ಬಂದು ಅಲ್ಲ. ಅವಳನ್ನು ಕಾಣದವರು ಅವಳಿಗಾಗಿ ಬೇಡಿಕೊಂಡರು. ನಾನು ಅವಳ ಅಪ್ಪ, ಪ್ಯಾರಾಕ್ಕೆ ನಂಬರು ಹಾಕಿ ಕೂತಿದ್ದೆ.’

ಅವರ ಕೈಯ ಮೇಲೆ ಕೈಯಿಟ್ಟೆ. ಅವರು ತೆಗೆಯಲಿಲ್ಲ, ಅಳಲೂ ಇಲ್ಲ. ಕಾಫಿ ಆರುವವರೆಗೂ ಹಾಗೇ ಕೂತಿದ್ದೆವು.